ಗಂಡಸರ ಓಣಿಯಿಂದ ಹೆಂಗಸರ ಊರಿಗೆ

ಮದುವೆ ಮನೆಯ ಊಟದಲ್ಲಿ ಗಂಡಸರನ್ನು ಒಂದು ಸಾಲಿಗೆ, ಹೆಂಗಸರನ್ನು ಒಂದು ಸಾಲಿಗೆ ಕೂಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ನನ್ನ ಬದುಕಿನಲ್ಲಿ ಹೊಟ್ಟೆಪಾಡು ಆ ಕೆಲಸವನ್ನು ಊರು ಊರನ್ನೇ ಹಿಡಿದು ಮಾಡಿದೆ. ಮೊದಲು ದುಡಿದ ಕಡೆ ಬರೀ ಗಂಡಸರು, ಆಮೇಲೆ ದುಡಿದ ಕಡೆ ಬರೀ ಹೆಂಗಸರು. ಸಮ ಸಮ ಇರುವ ಕಡೆ ನಾನು ಇನ್ನೂ ಕೆಲಸ ಮಾಡಿಲ್ಲ. ಹಾಗಾಗಿ ನನಗೆ ಆಗುವುದೆಲ್ಲ ಸ್ವಲ್ಪ ಓರೆಯಾಗಿಯೇ ಆಗುತ್ತದೆ. ಹೊಲಿಗೆ ಮಷಿನ್ ರಿಪೇರಿ ಮಾಡುವವನ ಜೀವನದಲ್ಲಿ ಏನು ಮಹಾ ನಡೆದೀತು ಅನ್ನಬೇಡಿ. ಕೇಳಿ.

ಚಿಟ್ಟೆ ಜೀನ್ಸ್

ನಮ್ಮದು ರಾಯದುರ್ಗ. ಜೀನ್ಸ್ ಪ್ಯಾಂಟಿನ ಊರು. ಬೇರೆ ಓಣಿಗಳಲ್ಲಿ ಮನೆಮಂದಿಯೆಲ್ಲ ಕೂತು ಹೊಲಿಯುತ್ತಾರೆ, ಹೆಂಗಸರು ದಾರ ಕತ್ತರಿಸುತ್ತಾರೆ, ಗುಂಡಿ ಹಚ್ಚುತ್ತಾರೆ. ನಾನಿದ್ದ ಓಣಿ ಮಾತ್ರ ಬರೀ ಷೆಡ್ಡುಗಳ ಓಣಿ. ಸುತ್ತಲಿನ ಹಳ್ಳಿಗಳಿಂದ ಬಂದ ಟೈಲರುಗಳು, ಕಟಿಂಗ್ ಮಾಸ್ತರರು, ನನ್ನಂಥ ಮೆಕ್ಯಾನಿಕ್ಕುಗಳು. ಎಲ್ಲರೂ ಗಂಡಸರು, ಮುಕ್ಕಾಲು ಪಾಲು ಮದುವೆಯಾಗದವರು. ಓಣಿಯ ಒಂದೇ ಒಂದು ಹೆಣ್ಣು ದನಿ ಅಂದರೆ ಮೊಬೈಲಿನಲ್ಲಿ "ನೀವು ಕರೆ ಮಾಡಿದ ಚಂದಾದಾರರು" ಅನ್ನುವ ಆಕೆಯದು.

ಅಂಥ ಓಣಿಗೆ ಒಮ್ಮೆ ಲೇಡೀಸ್ ಜೀನ್ಸಿನ ಆರ್ಡರ್ ಬಂತು. ತೊಡೆಯ ಮೇಲೆ ಎರಡು ಚಿಟ್ಟೆ, ಜೇಬಿನ ಸುತ್ತ ಮಿಂಚುವ ಹರಳು. ಸ್ಯಾಂಪಲ್ ಹೊಲಿದಾಯಿತು. ಹಾಕಿ ನೋಡುವವರು ಯಾರು? ನಮ್ಮ ಷೆಡ್ಡಿನ ಮಾಲೀಕರು ಎಲ್ಲರ ಸೊಂಟವನ್ನೂ ಒಂದು ಸುತ್ತು ನೋಡಿ, ಕೊನೆಗೆ ನನ್ನ ಮುಂದೆ ನಿಂತರು.

"ನಿಂದು ಇಪ್ಪತ್ತೆಂಟು ಐತಲ್ಲೋ?"

"ಹೌದ್ರಿ."

"ಹಾಕ್ಕೊ ಮತ್ತ."

ಹಾಕಿಕೊಂಡೆ. "ನಡೆದು ತೋರ್ಸು" ಅಂದರು. ನಡೆದೆ. "ಕುಂತು ಏಳು" ಅಂದರು. ಕೂತು ಎದ್ದೆ. ಹಿಂದೆ ತಿರುಗಿದಾಗ ಬಾಗಿಲಲ್ಲಿ ಮೂರು ಜನ ನಿಂತಿದ್ದರು. ನಮ್ಮ ಸೋದರಮಾವ, ಅವರ ಪಕ್ಕದಲ್ಲಿ ಬಿಳಿ ಪಂಚೆಯ ಇಬ್ಬರು ಹಿರಿಯರು. ಬೊಮ್ಮನಹಾಳ್ ಕಡೆ ಕಾಲುವೆ ಕೆಳಗೆ ಭತ್ತ ಬೆಳೆಯುವ ಮನೆಯವರು, ಹುಡುಗನನ್ನು ಕೆಲಸದ ಜಾಗದಲ್ಲೇ ನೋಡೋಣ ಅಂತ ಹೇಳದೆ ಕೇಳದೆ ಬಂದಿದ್ದರು. ಮಾವ ಬೆರಳು ಮಾಡಿ "ಇವನೇ ನೋಡ್ರಿ ನಮ್ಮ ಹುಡುಗ" ಅನ್ನುವುದಕ್ಕೂ ನಾನು ಚಿಟ್ಟೆ ಹೊತ್ತು ತಿರುಗುವುದಕ್ಕೂ ಸರಿ ಹೋಯಿತು.

ಹುಡುಗಿಯ ತಂದೆ ಒಳ್ಳೆಯವರು. ನಗಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿ ಕೇಳಿದರು, "ಇಲ್ಲಿ ಹೆಂಗಸರು ಯಾರೂ ಇಲ್ಲೇನ್ರಿ?"

"ಇಲ್ರಿ" ಅಂದರು ಮಾಲೀಕರು.

"ಅದಕ್ಕ ಇವ್ರು ಆ ಕೆಲಸನೂ ಮಾಡ್ತಾರನ್ರಿ?"

ಮಾವ ಅವರನ್ನು ಬಸ್ ಸ್ಟ್ಯಾಂಡಿಗೆ ಕಳಿಸಿ ಬಂದರು. ಸಂಜೆ ಫೋನಿನಲ್ಲಿ ಉತ್ತರ ಬಂತು: "ಹುಡುಗ ಭಾಳ ಛಲೋ ಅದಾನ್ರಿ. ಆದ್ರ ಪ್ಯಾಂಟು ಅವಗ ನಮ್ಮ ಹುಡುಗಿಗಿಂತ ಛಂದ ಕಾಣಿಸ್ತದ. ಅದು ಸರಿ ಹೋಗಂಗಿಲ್ರಿ."

ಗಂಡನ ಹೆಸರು

ಅದೇ ವರ್ಷ ಮಡಕಶಿರಾ ಕಡೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಬೇಕು ಅಂತ ಗೊತ್ತಾಯಿತು. ಚಿಟ್ಟೆಯ ಸುದ್ದಿ ಓಣಿಯಲ್ಲಿ ಆರುವ ಲಕ್ಷಣ ಇರಲಿಲ್ಲ. ಬ್ಯಾಗು ಹಿಡಿದು ಕಲ್ಯಾಣದುರ್ಗದ ಬಸ್ ಹತ್ತಿದೆ.

ಫ್ಯಾಕ್ಟರಿ ಗೇಟಿನಲ್ಲಿ ಖಾಕಿ ಸೀರೆಯ ವಾಚ್‌ವುಮನ್ ಕೋಲು ಅಡ್ಡ ಹಿಡಿದಳು.

"ಹೆಂಡ್ತೀನ ನೋಡಾಕೆ ಬಂದಿದ್ರೆ ಸಂಜೆ ಬಾರಣ್ಣ. ಡೂಟಿ ಟೈಮಲ್ಲಿ ಗಂಡಂದಿರ್ನ ಒಳಕ್ ಬಿಡಲ್ಲ."

"ಹೆಂಡ್ತಿ ಇಲ್ರಿ. ಕೆಲಸಕ್ಕ ಬಂದೀನ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ "ಗಂಡಸ್ರೂ ಕೆಲಸ ಮಾಡ್ತೀರಾ?" ಅಂದಳು. ನಿಜವಾಗಿಯೂ ಆಶ್ಚರ್ಯದಿಂದ ಕೇಳಿದ್ದು. ಒಳಗೆ ಹೋದ ಮೇಲೆ ಕಾರಣ ತಿಳಿಯಿತು. ದೊಡ್ಡ ಹಾಲಿನ ತುಂಬ ಸಾಲು ಸಾಲು ಮಷಿನ್, ಪ್ರತಿ ಮಷಿನ್ನಿಗೆ ಒಬ್ಬಳು ಹೆಂಗಸು. ಗಂಡಸರು ಅಂದರೆ ಮೇಲಿನ ಗಾಜಿನ ರೂಮಿನಲ್ಲಿ ಮ್ಯಾನೇಜರು, ಹೊರಗೆ ಬಸ್ ಡ್ರೈವರುಗಳು, ನಡುವೆ ನಾನು.

ಆಫೀಸಿನಲ್ಲಿ ಕ್ಲರ್ಕ್ ಹುಡುಗಿ ನನ್ನ ವಿವರ ಕಂಪ್ಯೂಟರಿಗೆ ತುಂಬಿಸುತ್ತಿದ್ದಳು. ಹೆಸರು, ಊರು, ವಯಸ್ಸು ಆಯಿತು.

"ಗಂಡನ ಹೆಸರೇನಣ್ಣ?"

"ಯಾರ ಗಂಡನ್ರಿ?"

"ನಿನ್ನ ಗಂಡ. ಫಾರಂನಲ್ಲಿ ಹಂಗೇ ಐತೆ. ಖಾಲಿ ಬಿಟ್ರೆ ಕಂಪ್ಯೂಟ್ರು ಮುಂದಕ್ಕೆ ಓಗಲ್ಲ."

"ನನಗ ಗಂಡ ಇಲ್ರಿ."

ಆಕೆ ಮರುಕದಿಂದ ನೋಡಿದಳು. "ಹಂಗಾದ್ರೆ ಅಪ್ಪನ ಹೆಸರು ಹೇಳು. ಮದುವೆ ಆಗದೇ ಇರೋರದ್ದೆಲ್ಲ ಅದನ್ನೇ ಹಾಕಾದು."

ಹೇಳಿದೆ. ವಾರ ಬಿಟ್ಟು ಕತ್ತಿಗೆ ಹಾಕಿಕೊಳ್ಳುವ ಕಾರ್ಡು ಬಂತು. ನನ್ನ ಫೋಟೋ, ಕೆಳಗೆ ನನ್ನ ಹೆಸರು, ಅದರ ಕೆಳಗೆ "ಗಂಡ" ಅಂತ ಬರೆದು ನಮ್ಮಪ್ಪನ ಹೆಸರು. ಲೆಕ್ಕದ ಪ್ರಕಾರ ನಾನು ನಮ್ಮಮ್ಮನ ಸವತಿಯಾಗಿದ್ದೆ.

ಫೋನು ಮಾಡಿ ಅಮ್ಮನಿಗೆ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಅಂದಳು, "ಮೂವತ್ತು ವರ್ಷ ನಾನೊಬ್ಬಾಕೀನ ಸಂಭಾಳಿಸೀನಪ್ಪಾ. ಇನ್ನ ನಿನ್ನ ಪಾಳಿ. ಸಂಜಿಗೆ ಅವರಿಗೆ ಮಂಡಕ್ಕಿ ಒಗ್ಗರಣಿ ಬೇಕು, ಬಂದು ಮಾಡಿಕೊಡು."

ಒಂದು 'ರೀ' ತಂದ ಪೇಚು

ನಮ್ಮ ಕಡೆ ಮಾತಿಗೆ 'ರಿ' ಹಚ್ಚದಿದ್ದರೆ ಹಿರಿಯರು ಬೆನ್ನಿಗೆ ಗುದ್ದುತ್ತಾರೆ. ಬರ್ರಿ, ಕುಂದ್ರಿ, ಹೌದ್ರಿ. ನಾನು ಅದೇ ರೂಢಿಯಲ್ಲಿ ಮಷಿನ್ ಕೆಟ್ಟವರ ಹತ್ತಿರ ಹೋಗಿ, "ಏನಾಗೇತ್ರೀ? ಸ್ವಲ್ಪ ಸರೀರೀ, ನೋಡ್ತೀನ್ರೀ" ಅನ್ನುತ್ತಿದ್ದೆ. ಅಂದ ಕೂಡಲೇ ಸಾಲಿಗೆ ಸಾಲೇ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿತ್ತು.

ನಾಲ್ಕು ದಿನ ತಡೆದು, ಲೈನ್ ಸೂಪರ್‌ವೈಸರ್ ಅಕ್ಕನನ್ನು ಕೇಳಿದೆ. ಐವತ್ತು ದಾಟಿದ, ದನಿ ಎತ್ತಿದರೆ ಮಷಿನ್ನುಗಳೇ ನಿಲ್ಲುವಂಥ ಹೆಂಗಸು.

"ಯಾಕ್ರೀ ಅಕ್ಕಾರ, ಎಲ್ರೂ ನಗ್ತಾರಲ್ರೀ?"

"ಇನ್ನೇನ್ ಮಾಡ್ತಾರಪ್ಪಾ? ನಮ್ ಕಡೆ ಹೆಂಡ್ತೀರು ಗಂಡನ್ನ ರೀ ಅಂತ ಕರೆಯಾದು. ನೀನು ಬಂದು ನಲವತ್ತು ಜನಕ್ಕೂ ರೀ ರೀ ಅಂತೀಯ. ನಾನು ಮದುವೆಯಾಗಿ ಇಷ್ಟು ವರ್ಷದಾಗೆ ನನ್ ಗಂಡಂಗೇ ಇಷ್ಟು ಸಲ ಅಂದಿಲ್ಲ."

ಬಿಡಲು ಪ್ರಯತ್ನ ಪಟ್ಟೆ. ಆಗಲಿಲ್ಲ. ನಾಲಿಗೆಗೆ ಹಾಕಿದ ಹೊಲಿಗೆ ಬಿಚ್ಚುವುದು ಕಷ್ಟ. ತಮಾಷೆ ಅಂದರೆ ನಾನು ಬಿಡುವ ಬದಲು ಅವರೇ ಹಿಡಿದುಕೊಂಡರು. ಮೊದಲು ಅಣಕಕ್ಕೆ "ದಾರ ಕೊಡ್ರೀ", "ಕತ್ರಿ ಎಲ್ಲೈತ್ರೀ" ಅನ್ನತೊಡಗಿದರು. ಎರಡು ತಿಂಗಳಲ್ಲಿ ಅಣಕ ಹೋಗಿ ರೂಢಿ ಉಳಿಯಿತು.

ಒಂದು ದಿನ ಗೇಟಿನ ಹತ್ತಿರ ಒಬ್ಬ ಗಂಡಸು ನನಗಾಗಿ ಕಾಯುತ್ತಿದ್ದ. ಕಾಲರ್ ಹೊಲಿಯುವವಳ ಗಂಡ. ಮುಖದಲ್ಲಿ ಕಳೆಯೇ ಇರಲಿಲ್ಲ.

"ಅಣ್ಣ, ನೀನು ಒಳಗಡೆ ಇರೋನು, ಸ್ವಲ್ಪ ವಿಚಾರಿಸು. ಯಾವಾಗ್ಲೂ ಬಾ, ಓಗು ಅಂತಿದ್ದ ನನ್ ಹೆಂಡ್ತಿ ಮೂರು ದಿನದಿಂದ 'ಊಟಕ್ಕೆ ಬರ್ರಿ, ನೀರು ಕುಡೀರಿ' ಅಂತ ಮರ್ವಾದೆ ಕೊಟ್ಟು ಮಾತಾಡ್ತಾ ಅವ್ಳೆ. ನಾನೇನು ತಪ್ಪು ಮಾಡಿದೀನೋ ಗೊತ್ತಾಗ್ತಿಲ್ಲ ಕಣಣ್ಣ, ನಿದ್ದೆ ಬರ್ತಿಲ್ಲ."

ಸಾರು

ಮಧ್ಯಾಹ್ನದ ಊಟಕ್ಕೆ ನಾನು ತಟ್ಟೆ ಒಂದನ್ನೇ ತರುತ್ತಿದ್ದೆ. ಒಬ್ಬಂಟಿ ಗಂಡಸು ಅಂತ ಮರುಗಿ ಒಬ್ಬಳು ಮುದ್ದೆ, ಒಬ್ಬಳು ಉಪ್ಪೆಸರು, ಒಬ್ಬಳು ಕಾಳುಹುಳಿ ಹಾಕುತ್ತಿದ್ದಳು. ಎಲ್ಲ ಚೆನ್ನಾಗಿಯೇ ಇತ್ತು, ನಾನು ಬಾಯಿ ತೆರೆಯುವವರೆಗೆ. ಒಂದು ದಿನ ಮೂರನೇ ಲೈನಿನ ಒಬ್ಬಾಕೆಯ ಹುರುಳಿ ಸಾರು ತಿಂದು, "ಇಂಥ ಸಾರು ನಾನು ಉಂಡೇ ಇಲ್ರೀ" ಅಂದುಬಿಟ್ಟೆ.

ಊಟ ಮುಗಿದ ಬೆಲ್ ಹೊಡೆದು ಮಷಿನ್ ಶುರುವಾದವು. ಶುರುವಾದ ಹತ್ತು ನಿಮಿಷಕ್ಕೆ ಒಂದನೇ ಲೈನಿನಲ್ಲಿ ಐದು ಮಷಿನ್ "ಕೆಟ್ಟವು", ಎರಡನೇ ಲೈನಿನಲ್ಲಿ ಏಳು. ಓಡಿ ಓಡಿ ನೋಡಿದರೆ ಒಂದಕ್ಕೂ ಏನೂ ಆಗಿಲ್ಲ. "ಹೌದಾ? ನಮ್ ಸಾರಿನ್ ಥರ ನಮ್ ಮಷಿನ್ನೂ ಸರಿಯಿಲ್ಲ ಅಂದ್ಕಂಡೆ" ಅಂದಳು ಒಬ್ಬಳು, ನನ್ನ ಮುಖ ನೋಡದೆ.

ಸಂಜೆ ಸೂಪರ್‌ವೈಸರ್ ಅಕ್ಕ ಎಲ್ಲರ ಎದುರಿಗೆ ತೀರ್ಪು ಕೊಟ್ಟಳು. ಇನ್ನು ಮೇಲೆ ಮೆಕ್ಯಾನಿಕ್ಕು ಯಾರ ಸಾರನ್ನೂ ಹೊಗಳುವಂತಿಲ್ಲ, ತೆಗಳುವಂತಿಲ್ಲ. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಕೊಡಬೇಕು. ಆ ಫ್ಯಾಕ್ಟರಿಯಲ್ಲಿದ್ದಷ್ಟು ಕಾಲವೂ ನಾನು ಹದಿನಾಲ್ಕು ಸಾರುಗಳ ಒಂದೇ ಸಾರನ್ನು ಉಂಡೆ. ದೇವರಾಣೆ, ಅಂಥದ್ದನ್ನು ನಾನು ಉಂಡೇ ಇರಲಿಲ್ಲ.

ಗಂಡು ನೋಡುವ ಶಾಸ್ತ್ರ

ನನ್ನ ಮದುವೆಯ ಚಿಂತೆ ನಮ್ಮಮ್ಮನಿಗಿಂತ ಹೆಚ್ಚಾಗಿ ಸೂಪರ್‌ವೈಸರ್ ಅಕ್ಕನಿಗೆ ಹತ್ತಿತು. ಚೆಕಿಂಗ್ ಸೆಕ್ಷನ್ನಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹೊಲಿದ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಪ್ಪಿರುವ ಕಡೆ ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಸರಿ ಇದ್ದರೆ ಪಾಸ್, ಸ್ವಲ್ಪ ತಿದ್ದಬೇಕಾದರೆ ಆಲ್ಟರ್, ಏನೂ ಮಾಡಲಾಗದಿದ್ದರೆ ರಿಜೆಕ್ಟ್. ಮಾತು ಕಡಿಮೆ, ಕಣ್ಣು ಚುರುಕು. ನನಗೆ ಅವಳನ್ನು ಕಂಡರೆ ಇಷ್ಟ, ಹೇಳುವ ಧೈರ್ಯ ಇರಲಿಲ್ಲ. ಅಕ್ಕ ಅದನ್ನು ಹೇಗೋ ಕಂಡುಹಿಡಿದು, "ಭಾನುವಾರ ಅವರ ಊರಿಗೆ ಬಾ" ಅಂದಳು.

ಮಾವನೊಂದಿಗೆ ಹೋದೆ. ಹೆಣ್ಣು ನೋಡಲು ಹೋದವನು ನಾನು. ಪಡಸಾಲೆಯ ಚಾಪೆಯ ಮೇಲೆ ಕೂತಿದ್ದವರು ಮಾತ್ರ ಚೆಕಿಂಗ್ ಸೆಕ್ಷನ್ನಿನ ಹನ್ನೊಂದು ಜನ ಹೆಂಗಸರು. ಹುಡುಗಿ ಅವರ ನಡುವೆ. ಮನೆಯ ಗಂಡಸರು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿಯ ಅಪ್ಪ ಅಡುಗೆಮನೆಯಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದು ಕೊಟ್ಟು, ತಲೆ ತಗ್ಗಿಸಿಯೇ ಒಳಗೆ ಹೋದರು.

ವಿಚಾರಣೆ ಶುರುವಾಯಿತು.

"ಅಡಿಗೆ ಬತ್ತದಾ?"

"ಅನ್ನ, ಸಾರು ಬರ್ತದ್ರಿ."

"ಬಟ್ಟೆ ಒಗೀತೀಯಾ?"

"ನನ್ನವು ಒಗ್ಕೊಂತೀನ್ರಿ."

"ನಿನ್ನವು ಒಗ್ಕಳಾದು ಕೇಳ್ಲಿಲ್ಲ."

"ಎಲ್ಲಾ ಒಗೀತೀನ್ರಿ."

"ಕುಡಿಯಾದು?"

"ನೀರು, ಚಾ."

"ಎದ್ದು ಬೆಳಕಿಗೆ ಬಾ."

ಎದ್ದು ಬಾಗಿಲ ಬೆಳಕಿಗೆ ನಿಂತೆ. ಒಬ್ಬಳು ಸುತ್ತಲೂ ಬಂದು ನೋಡಿದಳು. "ಬಲಗಡೆ ಭುಜ ಒಂಚೂರು ಇಳಿದೈತೆ" ಅಂದಳು. "ಮಷಿನ್ ಮೇಲೆ ಬಗ್ಗಿ ಬಗ್ಗಿ ಆಗಿರ್ತೈತೆ, ಸರಿ ಹೋಗುತ್ತೆ ಬಿಡು" ಅಂದಳು ಇನ್ನೊಬ್ಬಳು. ನಮ್ಮ ಮಾವ ಉಪ್ಪಿಟ್ಟು ಬಾಯಿಗೆ ಹಾಕುವುದನ್ನು ಮರೆತು ಕೂತಿದ್ದರು. ಎಂಥೆಂಥ ಸಂಬಂಧ ಕುದುರಿಸಿದವರು, ಗಂಡನ್ನು ಬೆಳಕಿಗೆ ಹಿಡಿದು ನೋಡಿದ್ದನ್ನು ಅವರೂ ಕಂಡಿರಲಿಲ್ಲ.

ನನಗೂ ಒಂದು ಮಾತು ಕೇಳಬೇಕು ಅನ್ನಿಸಿತು. ಧೈರ್ಯ ಮಾಡಿ ಹುಡುಗಿಯನ್ನೇ ಕೇಳಿದೆ, "ನಿಮಗ ನಾನು ಒಪ್ಪಿಗಿ ಏನ್ರಿ?"

ಅವಳು ಮೊದಲ ಸಲ ನೆಟ್ಟಗೆ ನೋಡಿದಳು. "ಮಷಿನ್ ಕೆಟ್ರೆ ಮುಂಚೆ ಇದ್ದ ಮೆಕ್ಯಾನಿಕ್ಕುಗಳು ಮೊದಲು ನಮ್ಮನ್ನ ಬಯ್ತಿದ್ರು. ನೀನು ಮೊದಲು ಏನಾಯ್ತು ಅಂತ ಕೇಳ್ತೀಯ. ಅಷ್ಟು ಸಾಕು ನನಗೆ."

ಎಲ್ಲರೂ ಒಂದೇ ಸಲ ಮಾತಾಡತೊಡಗಿದರು, ಒಳಗಿನಿಂದ ಅಪ್ಪ ಬೆಲ್ಲ ತಂದರು, ಹೆಂಗಸರೆಲ್ಲ ಬೆನ್ನು ತಟ್ಟಿ ಬೀಳ್ಕೊಟ್ಟರು.

ಅಲ್ಲಿಂದ ನೇರ ರಾಯದುರ್ಗಕ್ಕೆ ಹೋದೆವು. ಎರಡೂ ಬಸ್ಸುಗಳಲ್ಲಿ ಹಿಂದಿನ ಸೀಟಿನವರು ಯಾಕೆ ನಗುತ್ತಿದ್ದರೋ ತಿಳಿಯಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಅಮ್ಮ ಬೆನ್ನಿನಿಂದ ಮೂರು ಕೆಂಪು ಬಾಣ ಕಿತ್ತು ತೋರಿಸಿದಳು.

"ಇವೇನೋ?"

"ಎಲ್ಲೆಲ್ಲಿ ತಿದ್ದಬೇಕು ಅಂತ ಗುರುತು, ಅಮ್ಮ."

"ಬರೇ ಮೂರಾ?" ಅಂದಳು ಅಮ್ಮ. "ಹುಡುಗಿ ಭಾಳ ದೊಡ್ಡ ಮನಸಿನಾಕಿ ಅದಾಳ."

ಸೀರೆ ಮಾರುವವನು

ಮದುವೆಯಾಗಿ ಅವಳ ಊರಲ್ಲೇ ಸಂಸಾರ ಹೂಡಿದೆವು. ಮಗಳು ಹುಟ್ಟಿದ ಮೇಲೆ ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಇರಬೇಕಾಯಿತು. ಅಷ್ಟು ಹೊತ್ತಿಗೆ ಅವಳು ಚೆಕಿಂಗ್ ಸೆಕ್ಷನ್ನಿಗೇ ಇನ್‌ಚಾರ್ಜ್ ಆಗಿದ್ದಳು. ನಾನು ಕೆಲಸ ಬಿಟ್ಟು ಮನೆ ಮುಂದೆಯೇ ಮಷಿನ್ ರಿಪೇರಿಯ ಅಂಗಡಿ ಇಟ್ಟೆ. ನಮ್ಮ ಬೀದಿಯಲ್ಲಿ ಇದೇನೂ ವಿಶೇಷವಲ್ಲ. ಬೆಳಿಗ್ಗೆ ಫ್ಯಾಕ್ಟರಿ ಬಸ್ ಬಂದು ಹೆಂಗಸರನ್ನೆಲ್ಲ ಹತ್ತಿಸಿಕೊಂಡು ಹೋದರೆ, ಸಂಜೆಯವರೆಗೆ ಬೀದಿ ಗಂಡಸರದು. ಒಬ್ಬರು ಕುರಿ, ಒಬ್ಬರು ಹೊಲ, ಒಬ್ಬರು ಆಟೋ. ಜೊತೆಗೆ ಎಲ್ಲರದೂ ಒಲೆ.

ಒಂದು ದಿನ ಹನ್ನೊಂದು ಗಂಟೆಗೆ ಹೊಸಬನೊಬ್ಬ ಬೈಕಿನಲ್ಲಿ ಗಂಟು ಕಟ್ಟಿಕೊಂಡು "ಸೀರೆ, ಸೀರೆ" ಅಂತ ಕೂಗುತ್ತ ಬಂದ. ಎಂಟು ಮನೆಯ ಬಾಗಿಲು ತೆರೆಯಿತು, ಎಂಟು ಗಂಡಸರು ಹೊರಗೆ ಬಂದರು. ಒಬ್ಬರ ಕೈಯಲ್ಲಿ ಸೌಟು. ಅವನು ಗಾಬರಿಯಾಗಿ ಬೈಕ್ ಚಾಲೂ ಮಾಡಿದ. ಯಾವುದೋ ಜಗಳಕ್ಕೆ ಬಂದೆವು ಅಂದುಕೊಂಡನಂತೆ.

ಮುಂದಿನ ವಾರ ಬುದ್ಧಿವಂತನಾಗಿ ಬಂದ. ಸೀರೆಯ ಬದಲು ಕುಕ್ಕರ್ ಗ್ಯಾಸ್ಕೆಟ್, ಟೀ ಸೋಸುವ ಜಾಲರಿ, ಅರಿಶಿನದ ಪುಡಿ. ನಾವು ಸುತ್ತುವರಿದೆವು. ಗ್ಯಾಸ್ಕೆಟ್ ಎಳೆದು ನೋಡಿದೆವು, ಜಾಲರಿಗೆ ನೀರು ಹೊಯ್ದು ನೋಡಿದೆವು. ಪಕ್ಕದ ಮನೆಯ ಕುರಿ ಸಾಕುವ ಯಜಮಾನರು ಅರಿಶಿನವನ್ನು ಅಂಗೈಗೆ ತಿಕ್ಕಿ, "ಹೋದ ಸಲ ಸಂತೇಲಿ ತಂದಿದ್ದು ಇದಕ್ಕಿಂತ ಬಣ್ಣ ಕಟ್ಟಿತ್ತು, ನಿಮ್ಮದ್ರಾಗೆ ಏನೋ ಬೆರಕೆ ಐತೆ" ಅಂದರು. ಒಂದೂವರೆ ಗಂಟೆ ಚೌಕಾಸಿ ನಡೆಯಿತು.

ಅವನು ಗಂಟು ಕಟ್ಟುತ್ತ ಕೈ ಮುಗಿದ. "ಅಣ್ಣಗಳಿರಾ, ಇಪ್ಪತ್ತು ವರ್ಷ ಹೆಂಗಸರ ಜೊತೆ ವ್ಯಾಪಾರ ಮಾಡಿದೀನಿ. ಅವರೇ ದೇವರು."

ಉತ್ತಮ ತಾಯಿ

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಶಾಲೆಯಲ್ಲಿ ತಾಯಂದಿರ ಸಭೆ ಇಟ್ಟರು. ಬೇರೆ ಊರಿನಿಂದ ಬಂದ ಹೊಸ ಹೆಡ್‌ಮೇಡಂ, ಪಾಪ, ಬುಧವಾರ ಹತ್ತು ಗಂಟೆಗೆ ಇಟ್ಟಿದ್ದರು. ಅವತ್ತು ಫ್ಯಾಕ್ಟರಿಯಿಂದ ಮಾಲು ಕಳಿಸುವ ದಿನ, ಯಾರಿಗೂ ರಜೆಯಿಲ್ಲ. ಮಗಳು ಮಾತ್ರ ಹಿಂದಿನ ದಿನದಿಂದಲೇ, "ಯಾರೂ ಬರ್ಲಿಲ್ಲ ಅಂದ್ರೆ ನಾನು ಸ್ಕೂಲಿಗೇ ಓಗಲ್ಲ" ಅಂತ ಮುಖ ಊದಿಸಿಕೊಂಡಿದ್ದಳು. ಅವಳ ಅಮ್ಮ ಬಸ್ ಹತ್ತುವಾಗ ಕಣ್ಣು ತುಂಬಿಕೊಂಡು, "ನೀನಾದ್ರೂ ಓಗಿ ಕುಂತ್ಕಂಡಿರು" ಅಂದಳು.

ಶುಭ್ರ ಅಂಗಿ ಹಾಕಿ ಹೋದೆ. ಶಾಲೆಯ ಅಂಗಳದಲ್ಲಿ ಇಪ್ಪತ್ತಾರು ಕುರ್ಚಿ. ಇಪ್ಪತ್ತೈದರಲ್ಲಿ ಅಪ್ಪಂದಿರು, ಒಂದರಲ್ಲಿ ಒಬ್ಬ ಅಜ್ಜ. ಹೆಡ್‌ಮೇಡಂ ಹೊರಗೆ ಬಂದು ನೋಡಿ, ಹಿಂದೆ ತಿರುಗಿ "ತಾಯಂದಿರ ಸಭೆ" ಅಂತ ಬರೆದಿದ್ದ ಬೋರ್ಡ್ ನೋಡಿ, ಮತ್ತೆ ನಮ್ಮನ್ನು ನೋಡಿದರು. ಬರೆದುಕೊಂಡು ಬಂದಿದ್ದ ಭಾಷಣ ಬದಲಿಸುವಷ್ಟು ಹೊತ್ತು ಇರಲಿಲ್ಲ. "ಪ್ರೀತಿಯ ತಾಯಂದಿರೇ" ಅಂತಲೇ ಶುರು ಮಾಡಿದರು. ಹಿಂದಿನ ಸಾಲಿನ ಆಟೋ ಡ್ರೈವರ್ ಎದೆ ಮೇಲಿನ ಟವೆಲ್ ಸರಿಮಾಡಿಕೊಂಡ.

ಆಮೇಲೆ ರಂಗೋಲಿ ಸ್ಪರ್ಧೆ. ಬಣ್ಣ, ಪುಡಿ ಎಲ್ಲ ತಂದಾಗಿದೆ, ಮಕ್ಕಳು ಕಿಟಕಿಯಲ್ಲಿ ನೇತಾಡುತ್ತಿದ್ದಾರೆ. ಬಿಡುವ ಹಾಗಿರಲಿಲ್ಲ. ಇಪ್ಪತ್ತಾರು ಗಂಡಸರು ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತೆವು. ಕುರಿ ಸಾಕುವವರು ಒಂದು ಕುರಿ ಬರೆದರು, ಅದು ಹುಂಜದ ಹಾಗೆ ಬಂತು. ಅಜ್ಜ ಪುಡಿಯನ್ನು ಬಿತ್ತನೆ ಬೀಜದ ಹಾಗೆ ಸಾಲು ಹಿಡಿದು ಚೆಲ್ಲಿಕೊಂಡು ಹೋದರು. ಆಟೋದವನು ನೋ ಪಾರ್ಕಿಂಗ್ ಗುರುತು ಹಾಕಿ ಸುತ್ತ ಹೂ ಬಿಡಿಸಿದ. ನನ್ನ ಕೆಲಸವೇ ಅಳತೆಯದು. ಜೇಬಿನಿಂದ ಟೇಪು ತೆಗೆದೆ, ಮೂರು ಮೂರು ಇಂಚಿಗೆ ಒಂದು ಚುಕ್ಕಿ ಇಟ್ಟೆ, ಎಳೆ ಎಳೆ ಹೊಲಿಗೆ ಹಾಕಿದ ಹಾಗೆ ಸೇರಿಸಿದೆ. ಮುಗಿಸಿ ತಲೆ ಎತ್ತಿದರೆ ಮೇಡಂ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮೊದಲ ಬಹುಮಾನ ನನಗೆ.

ಬಹುಮಾನದ ಸ್ಟೀಲ್ ತಟ್ಟೆಯ ಮೇಲೆ ಬಿರುದು ಮೊದಲೇ ಕೆತ್ತಿಸಿದ್ದರು: "ಉತ್ತಮ ತಾಯಿ". ಹಣೆಗೆ ಕುಂಕುಮ ಇಟ್ಟು, ಕೈಗೆ ಹೂ ಕೊಟ್ಟು, ತಟ್ಟೆ ಹಿಡಿಸಿ ಫೋಟೋ ತೆಗೆದರು. ಮಗಳು ಇಡೀ ಶಾಲೆಗೆ ಕೇಳುವ ಹಾಗೆ "ನಮ್ಮಪ್ಪನೇ ಉತ್ತಮ ತಾಯಿ" ಅಂತ ಕೂಗಿದಳು.

ಸಂಜೆ ಬಸ್ ಇಳಿದು ಹೆಂಡತಿ ಬಂದಳು. ತಟ್ಟೆ ಟಿ.ವಿ. ಪಕ್ಕದಲ್ಲಿ ಗೋಡೆಗೆ ಒರಗಿತ್ತು. ಓದಿದಳು. ಇನ್ನೊಂದು ಸಲ ಓದಿದಳು. ನನಗೆ ಒಳಗೊಳಗೇ ಅಳುಕು. ಬೆಳಿಗ್ಗೆ ಕಣ್ಣು ತುಂಬಿಕೊಂಡು ಹೋದವಳು, ಇದು ಚುಚ್ಚಿದರೇನು ಗತಿ ಅಂತ.

ಅವಳು ಮಗಳ ಪಕ್ಕ ಕೂತು ಮೆಲ್ಲಗೆ ಕೇಳಿದಳು, "ಅಪ್ಪ ತಾಯಿ ಆದ್ರೆ, ನಾನ್ಯಾರೇ ಪಾಪು?"

ಮಗಳು ಕಡಲೆಬೀಜ ಸುಲಿಯುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ನೀನು ಅಪ್ಪ."

ಹೆಂಡತಿ ಬ್ಯಾಗನ್ನು ಮೂಲೆಗೆ ಬಿಸಾಕಿ, ಫ್ಯಾನ್ ಜೋರು ಮಾಡಿ, ನನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಅಡುಗೆಮನೆಯ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ ಗಡಸು ದನಿಯಲ್ಲಿ ಕೂಗಿದಳು:

"ಏನೇ, ಟೀ ಆಯ್ತೇನೇ?"